ಕೈಗಡ, ಎರವಲು, ಹಕ್ಕಲು: ಯಹೂದಿ ಸಮುದಾಯಗಳ ಸಾಮಾಜಿಕ ಉದ್ಯಮಗಳು ನಡೆಯುವ ಬಗೆ

1970ರ ದಶಕದ ಒಂದು ಚಳಿಗಾಲ. ಜೆರುಸಲೇಮಿನಲ್ಲಿ ಶಾಲಾ ಶಿಕ್ಷಕರಾಗಿದ್ದ ಊರಿ ಲುಪೊಲಿಯಾನ್‌ಸ್ಕಿ ಅವರ ಮಗುವಿಗೆ ಕಾಯಿಲೆಯಾಗಿತ್ತು. ಉಸಿರಾಟ ಸರಾಗವಾಗಲು ಕೋಣೆಯಲ್ಲಿ ಹಬೆಯಾಡಿಸುವ ಸಣ್ಣ ಯಂತ್ರವೊಂದು ಬೇಕಿತ್ತು. ನೆರೆಮನೆಯಿಂದ ಎರವಲು ತಂದರು, ಮಗು ಚೇತರಿಸಿಕೊಂಡಿತು, ಯಂತ್ರವನ್ನು ಹಿಂತಿರುಗಿಸಿದರು. ಅಲ್ಲಿಗೆ ಮುಗಿಯಬಹುದಾಗಿದ್ದ ಸಂಗತಿ ಅದು. ಆದರೆ ಬೀದಿಯ ಪ್ರತಿ ಮನೆಗೂ ವರ್ಷದಲ್ಲಿ ನಾಲ್ಕೈದು ದಿನ ಬೇಕಾಗುವ ವಸ್ತುವನ್ನು ಪ್ರತಿ ಮನೆಯೂ ದುಡ್ಡು ಕೊಟ್ಟು ಕೊಳ್ಳಬೇಕೇಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಒಂದಷ್ಟು ಹಬೆಯಂತ್ರಗಳನ್ನು ಕೊಂಡು ಮನೆಯಲ್ಲಿಟ್ಟುಕೊಂಡು, ಕೇಳಿದವರಿಗೆ ಕೊಡತೊಡಗಿದರು. ಸುದ್ದಿ ಹರಡಿದಂತೆ ಜನ ತಮ್ಮಲ್ಲಿ ಸುಮ್ಮನೆ ಬಿದ್ದಿದ್ದ ಊರುಗೋಲು, ಗಾಲಿಕುರ್ಚಿಗಳನ್ನು ತಂದುಕೊಟ್ಟರು. ನಾಜಿಗಳ ನರಮೇಧದಲ್ಲಿ ಅಸುನೀಗಿದ ತಮ್ಮ ಅಜ್ಜಿಯ ಹೆಸರನ್ನು ಅವರು ಈ ಕೆಲಸಕ್ಕೆ ಇಟ್ಟರು: ಯಾದ್ ಸಾರಾ. ಹೀಬ್ರೂ ಭಾಷೆಯಲ್ಲಿ ‘ಯಾದ್’ ಎಂದರೆ ಕೈ. ಸ್ಮಾರಕ ಎಂಬ ಅರ್ಥವೂ ಅದೇ ಪದಕ್ಕಿದೆ.

1976ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಇಂದು ಇಸ್ರೇಲಿನಾದ್ಯಂತ ನೂರಕ್ಕೂ ಹೆಚ್ಚು ಶಾಖೆಗಳಿವೆ, ಸಾವಿರಾರು ಸ್ವಯಂಸೇವಕರಿದ್ದಾರೆ. 1994ರಲ್ಲಿ ಅದಕ್ಕೆ ದೇಶದ ಅತ್ಯುನ್ನತ ಗೌರವವಾದ ಇಸ್ರೇಲ್ ಪ್ರಶಸ್ತಿ ಸಂದಿತು. ಶಾಖೆಯಲ್ಲಿ ನಡೆಯುವುದು ತೀರಾ ಸರಳವಾದ ವ್ಯವಹಾರ. ಕಾಲು ಮುರಿದುಕೊಂಡವರ ಕಡೆಯವರು ಬರುತ್ತಾರೆ, ಒಂದು ಅರ್ಜಿ ತುಂಬುತ್ತಾರೆ, ಠೇವಣಿ ಇಡುತ್ತಾರೆ, ಗಾಲಿಕುರ್ಚಿ ತೆಗೆದುಕೊಂಡು ಹೋಗುತ್ತಾರೆ. ಗುಣವಾದ ಮೇಲೆ ಅದನ್ನು ತಂದೊಪ್ಪಿಸಿ ಠೇವಣಿ ವಾಪಸು ಪಡೆಯುತ್ತಾರೆ. ಎಷ್ಟೋ ಮಂದಿ ಆ ಹಣವನ್ನು ಅಲ್ಲೇ ದೇಣಿಗೆಯಾಗಿ ಬಿಟ್ಟು ಹೋಗುತ್ತಾರೆ. ಬಂದವರು ಯಹೂದಿಗಳೋ ಮುಸ್ಲಿಮರೋ ಕ್ರೈಸ್ತರೋ ದ್ರೂಜರೋ ಎಂಬ ಪ್ರಶ್ನೆಯಿಲ್ಲ. ಬಡವರೋ ಸ್ಥಿತಿವಂತರೋ ಎಂಬ ಪ್ರಶ್ನೆಯೂ ಇಲ್ಲ. ಈ ಎರಡನೆಯ ಮಾತನ್ನು ಗಮನದಲ್ಲಿಟ್ಟುಕೊಳ್ಳಿ. ಇಡೀ ವಿಷಯದ ಗುಟ್ಟು ಅಲ್ಲೇ ಇದೆ ಎಂದು ನಾನು ನಂಬುತ್ತೇನೆ.

ನಮ್ಮ ಮನೆಯ ಅಟ್ಟದ ಮೇಲೆ ಒಂದು ವಾಕರ್ ಇದೆ. ಅಮ್ಮ ಬಿದ್ದು ಪೆಟ್ಟು ಮಾಡಿಕೊಂಡಾಗ ತಂದದ್ದು. ಆರು ವಾರ ಬಳಸಿದೆವು; ಆಮೇಲೆ ಅದು ಹಳೆಯ ಹಾಸಿಗೆಯ ಪಕ್ಕ ಧೂಳು ತಿನ್ನುತ್ತಿದೆ. ಕೆಳಗಿನ ಬೀದಿಯಲ್ಲಿ ಯಾರಿಗೋ ಇಂದು ಅದು ಬೇಕಾಗಿರಬಹುದು. ಅವರಿಗೆ ನಮ್ಮ ಅಟ್ಟ ಗೊತ್ತಿಲ್ಲ, ನಮಗೆ ಅವರು ಗೊತ್ತಿಲ್ಲ. ಹೀಗೆ ಮಾರುಕಟ್ಟೆಗೆ ಲಾಭವಿಲ್ಲದ, ಸರ್ಕಾರದ ಕಣ್ಣಿಗೆ ಬೀಳದ ಒಂದು ಕೊರತೆಯನ್ನು ಗುರುತಿಸಿ, ಅದನ್ನು ನೀಗಿಸುವ ವ್ಯವಸ್ಥೆಯೊಂದನ್ನು ಉದ್ಯಮಿಯ ಜಾಣ್ಮೆ, ಶಿಸ್ತುಗಳಿಂದ ಕಟ್ಟುವುದಕ್ಕೆ ಸಾಮಾಜಿಕ ಉದ್ಯಮಶೀಲತೆ ಎನ್ನುತ್ತಾರೆ. ಇಲ್ಲಿ ಲಾಭವನ್ನು ಅಳೆಯುವುದು ಜನರ ಬದುಕಿನಲ್ಲಿ ಆದ ಬದಲಾವಣೆಯಿಂದ. ಹಣ ಬೇಕು, ಲೆಕ್ಕ ಬೇಕು, ದುರಸ್ತಿ ಮಾಡುವವರು ಬೇಕು, ಉಗ್ರಾಣ ಬೇಕು. ಒಳ್ಳೆಯ ಮನಸ್ಸೊಂದೇ ಸಾಲದು.

ಈ ಪದ ಹೊಸದು. ಯಹೂದಿ ಸಮುದಾಯಗಳಲ್ಲಿ ಈ ಕೆಲಸ ಬಹಳ ಹಳೆಯದು. ಶತಮಾನಗಳ ಕಾಲ ಸ್ವಂತ ರಾಜ್ಯವಿಲ್ಲದೆ ಬೇರೆ ಬೇರೆ ಅರಸರ ಕೆಳಗೆ ಬದುಕಿದ ಈ ಜನ ತಮ್ಮ ಬಡವರು, ರೋಗಿಗಳು, ಅನಾಥರು, ಹೆಣ ಹೊರುವವರಿಲ್ಲದ ಸಾವುಗಳು, ಎಲ್ಲವನ್ನೂ ತಾವೇ ನೋಡಿಕೊಳ್ಳಬೇಕಿತ್ತು. ಅವರ ಭಾಷೆಯಲ್ಲಿ ಇದಕ್ಕೆ ಎರಡು ಬೇರೆ ಬೇರೆ ಪದಗಳಿವೆ. ಒಂದು ‘ತ್ಸೆದಾಕಾ’. ಇದನ್ನು ದಾನ ಎಂದು ಅನುವಾದಿಸುವುದು ರೂಢಿ, ಆದರೆ ಅದರ ಮೂಲ ಧಾತುವಿನ ಅರ್ಥ ನ್ಯಾಯ. ಉಳ್ಳವರು ಕೊಡುವುದು ಔದಾರ್ಯಕ್ಕಿಂತ ಹೆಚ್ಚಾಗಿ ಬಾಕಿ ತೀರಿಸಿದಂತೆ. ಇನ್ನೊಂದು ‘ಗೆಮಿಲುತ್ ಹಸಾದಿಮ್’, ಅಂದರೆ ಒಬ್ಬರಿಗೊಬ್ಬರು ಒದಗುವ ಉಪಕಾರ. ಯಹೂದಿ ಧರ್ಮಶಾಸ್ತ್ರದ ಚರ್ಚೆಗಳ ಪ್ರಾಚೀನ ಸಂಕಲನವಾದ ತಾಲ್ಮುದ್ ಈ ಎರಡನ್ನೂ ತೂಗಿನೋಡಿ ಎರಡನೆಯದೇ ದೊಡ್ಡದು ಎನ್ನುತ್ತದೆ. ಕಾರಣಗಳನ್ನೂ ಕೊಡುತ್ತದೆ: ದಾನವನ್ನು ಹಣದಿಂದ ಮಾತ್ರ ಮಾಡಬಹುದು, ಉಪಕಾರವನ್ನು ಹಣದಿಂದಲೂ ಮೈದುಡಿಮೆಯಿಂದಲೂ ಮಾಡಬಹುದು; ದಾನ ಬಡವರಿಗಷ್ಟೇ, ಉಪಕಾರ ಬಡವರಿಗೂ ಬಲ್ಲಿದರಿಗೂ; ದಾನ ಬದುಕಿರುವವರಿಗೆ, ಉಪಕಾರ ಸತ್ತವರಿಗೂ.

ಕನ್ನಡದಲ್ಲಿ ‘ಹಂಗು’ ಎಂಬ ಪದವಿದೆಯಲ್ಲ, ಈ ಜನ ಬಗೆಹರಿಸಲು ಹೊರಟದ್ದು ಅದನ್ನೇ. ನೆರವು ಪಡೆದವನು ಕೊಟ್ಟವನ ಎದುರು ತಲೆ ತಗ್ಗಿಸಬೇಕಾಗುತ್ತದೆ. ಆ ಅಂಜಿಕೆಯಿಂದಲೇ ಎಷ್ಟೋ ಜನ ಕೇಳದೆ ಸುಮ್ಮನಾಗುತ್ತಾರೆ. ಹಳೆಯ ಜೆರುಸಲೇಮಿನ ದೇವಾಲಯದಲ್ಲಿ ‘ಗುಟ್ಟಿನ ಕೋಣೆ’ ಎಂಬುದೊಂದಿತ್ತು ಎಂದು ತಾಲ್ಮುದಿಗೆ ಆಧಾರವಾದ ಹಳೆಯ ನಿಯಮಸಂಗ್ರಹ ಮಿಶ್ನಾ ಹೇಳುತ್ತದೆ. ಕೊಡುವವರು ಅದರೊಳಗೆ ಹೋಗಿ ಗುಟ್ಟಾಗಿ ಇಡುತ್ತಿದ್ದರು, ಬಾಳಿ ಬಡವಾದ ಮನೆತನದವರು ಗುಟ್ಟಾಗಿ ತೆಗೆದುಕೊಳ್ಳುತ್ತಿದ್ದರು. ಯಾರು ಇಟ್ಟರೋ ಯಾರು ಒಯ್ದರೋ ತಿಳಿಯುತ್ತಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ವೈದ್ಯರಾಗಿದ್ದ ಮಹಾವಿದ್ವಾಂಸ ಮೈಮೊನಿಡೀಸ್ ಕೊಡುವುದಕ್ಕೆ ಎಂಟು ಮೆಟ್ಟಿಲುಗಳನ್ನು ಗುರುತಿಸಿದರು. ಮುಖ ಸಿಂಡರಿಸಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೊಟ್ಟವರಿಗೂ ಪಡೆದವರಿಗೂ ಪರಸ್ಪರ ಗುರುತಿಲ್ಲದ ದಾನ ಮೇಲಿನಿಂದ ಎರಡನೆಯದು. ತುತ್ತತುದಿಯಲ್ಲಿ ಇರುವುದು ಬೀಳುತ್ತಿರುವವನ ಕೈ ಹಿಡಿದು ಸಾಲ ಕೊಡುವುದು, ಪಾಲುದಾರನಾಗಿ ಸೇರಿಸಿಕೊಳ್ಳುವುದು, ಕೆಲಸ ಹುಡುಕಿಕೊಡುವುದು. ಅವನು ಮುಂದೆ ಯಾರ ಮುಂದೆಯೂ ಕೈಚಾಚದಂತೆ ಮಾಡುವುದು. ಬಿಟ್ಟಿ ಕೊಡುವುದಕ್ಕಿಂತ ಸಾಲ ಕೊಡುವುದು ಮೇಲು ಎಂಬ ಮಾತು ಮೊದಲ ಓದಿಗೆ ವಿಚಿತ್ರವೆನಿಸುತ್ತದೆ. ಆದರೆ ಸಾಲ ಪಡೆದವನು ಅದನ್ನು ತೀರಿಸಿ ಸರಿಸಮನಾಗಿ ನಿಲ್ಲಬಹುದು. ದಾನ ಪಡೆದವನಿಗೆ ಆ ದಾರಿಯಿಲ್ಲ.

ಸಾಲ ಎಂದೊಡನೆ ಬಡ್ಡಿಯ ಪ್ರಶ್ನೆ ಬರುತ್ತದೆ. ತಮ್ಮವರಿಗೆ ಕೊಟ್ಟ ಸಾಲದ ಮೇಲೆ ಬಡ್ಡಿ ಕೂಡದು ಎಂದು ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾ ವಿಧಿಸುತ್ತದೆ. ಬಡವನ ಹೊದಿಕೆಯನ್ನು ಒತ್ತೆಯಿಟ್ಟುಕೊಂಡರೆ ಹೊತ್ತು ಮುಳುಗುವ ಮೊದಲೇ ಮರಳಿಸಬೇಕು, ರಾತ್ರಿ ಅವನಿಗೆ ಹೊದೆಯಲು ಬೇರೇನಿದೆ ಎಂದೂ ಕೇಳುತ್ತದೆ. ಇದರ ಜೊತೆಗೆ ಇನ್ನೊಂದು ದೊಡ್ಡ ನಿಯಮ: ಏಳು ವರ್ಷಕ್ಕೊಮ್ಮೆ ಬರುವ ‘ಶ್ಮಿತಾ’ ವರ್ಷದ ಕೊನೆಗೆ ಸಾಲಗಳೆಲ್ಲ ಮನ್ನಾ. ಬಡವರ ಮೇಲಿನ ಕರುಣೆಯಿಂದ ಹುಟ್ಟಿದ ಈ ನಿಯಮವೇ ಅವರಿಗೆ ಮುಳುವಾಯಿತು. ಶ್ಮಿತಾ ಹತ್ತಿರವಾದಂತೆ, ಕೊಟ್ಟ ಹಣ ಬರುವುದಿಲ್ಲವೆಂದು ಉಳ್ಳವರು ಸಾಲ ಕೊಡುವುದನ್ನೇ ನಿಲ್ಲಿಸಿದರು.

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಹಿಲ್ಲೆಲ್ ಎಂಬ ಗುರು ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಮನ್ನಾ ಆಗುವುದು ವ್ಯಕ್ತಿ ವ್ಯಕ್ತಿಗಳ ನಡುವಿನ ಸಾಲ. ಹಾಗಾದರೆ ಸಾಲ ಕೊಟ್ಟವನು ತನ್ನ ಪತ್ರವನ್ನು ನ್ಯಾಯಾಲಯಕ್ಕೆ ವಹಿಸಿಬಿಟ್ಟರೆ? ವಸೂಲಿಯ ಅಧಿಕಾರ ನ್ಯಾಯಾಧೀಶರದಾಗುತ್ತದೆ, ಮನ್ನಾದ ನಿಯಮ ಅದಕ್ಕೆ ತಗಲುವುದಿಲ್ಲ. ‘ಪ್ರೊಸ್‌ಬುಲ್’ ಎಂಬ ಹೆಸರಿನ ಈ ಪತ್ರ ಇಂದಿಗೂ ಚಾಲ್ತಿಯಲ್ಲಿದೆ. ತೀರ ಈಚಿನ ಶ್ಮಿತಾ ವರ್ಷವಾದ 2021–22ರಲ್ಲೂ ಶ್ರದ್ಧಾವಂತ ಯಹೂದಿಗಳು ಅದಕ್ಕೆ ಸಹಿ ಹಾಕಿದರು. ಹಿಲ್ಲೆಲ್ ನಿಯಮವನ್ನು ಕಿತ್ತೊಗೆಯಲಿಲ್ಲ, ಜನರನ್ನು ಬೈಯಲೂ ಇಲ್ಲ. ನಿಯಮದ ಒಳಗೇ ಒಂದು ಬಾಗಿಲು ಕೊರೆದು ಸಾಲದ ಹರಿವನ್ನು ಮತ್ತೆ ಬಿಟ್ಟರು. ಈ ಸಮುದಾಯಗಳ ಮುಂದಿನ ಹೊಸ ಪ್ರಯೋಗಗಳಲ್ಲಿ ಎಷ್ಟೋ ಇದೇ ಜಾಡಿನಲ್ಲಿ ನಡೆದಿವೆ.

ಈಗ 1892ರ ನ್ಯೂಯಾರ್ಕಿಗೆ ಬನ್ನಿ. ರಷ್ಯಾ ಸಾಮ್ರಾಜ್ಯದ ದೊಂಬಿಗಳಿಂದ, ಬಡತನದಿಂದ ತಪ್ಪಿಸಿಕೊಂಡು ಬಂದ ಯಹೂದಿಗಳು ಮ್ಯಾನ್‌ಹಟನ್ನಿನ ಲೋವರ್ ಈಸ್ಟ್ ಸೈಡ್ ಎಂಬ ಭಾಗದಲ್ಲಿ ಕಿಕ್ಕಿರಿದಿದ್ದರು. ತಳ್ಳುಗಾಡಿಯಲ್ಲಿ ಸರಕು ಮಾರಬೇಕೆಂದರೂ ಮೊದಲ ಸರಕಿಗೆ ಒಂದಿಷ್ಟು ಡಾಲರ್ ಬೇಕು. ಬ್ಯಾಂಕುಗಳು ಇಂಥವರ ಮುಖ ನೋಡುತ್ತಿರಲಿಲ್ಲ. ಒಂದು ಸಿನಗಾಗಿನಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ಸೇರಿದ ಕೆಲವರು ತಮ್ಮಲ್ಲೇ 95 ಡಾಲರ್ ಒಟ್ಟುಗೂಡಿಸಿ ಹೀಬ್ರೂ ಫ್ರೀ ಲೋನ್ ಸೊಸೈಟಿಯನ್ನು ಆರಂಭಿಸಿದರು. ಬಡ್ಡಿಯಿಲ್ಲ, ಶುಲ್ಕವಿಲ್ಲ, ಕನ್ನಡದಲ್ಲಿ ಹೇಳುವುದಾದರೆ ಶುದ್ಧ ಕೈಗಡ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1897ರಲ್ಲಿ, ಲಾಸ್ ಏಂಜಲೀಸಿನಲ್ಲಿ 1904ರಲ್ಲಿ ಇಂಥವೇ ಸಂಸ್ಥೆಗಳು ತಲೆಯೆತ್ತಿದವು. ಇವು ಇಂದಿಗೂ ಇವೆ, ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸಿನವು ಯಹೂದಿಗಳಲ್ಲದವರಿಗೂ ಸಾಲ ಕೊಡುತ್ತವೆ.

ಬಡ್ಡಿಯಿಲ್ಲದೆ ನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ಸಾಲ ಸಂಸ್ಥೆ ಉಳಿಯುವುದು ಹೇಗೆ? ಲೆಕ್ಕ ಹಾಕಿ ನೋಡೋಣ. ಹತ್ತು ಸಾವಿರ ರೂಪಾಯಿ ದಾನ ಮಾಡಿದರೆ ಅದು ಒಂದು ಕುಟುಂಬಕ್ಕೆ ಒಮ್ಮೆ ಆಗುತ್ತದೆ. ಅದೇ ಹಣ ಸಾಲವಾಗಿ ಹೋಗಿ ವರ್ಷದೊಳಗೆ ಮರಳುತ್ತಾ ಇದ್ದರೆ ಇಪ್ಪತ್ತು ವರ್ಷದಲ್ಲಿ ಇಪ್ಪತ್ತು ಕುಟುಂಬಗಳಿಗೆ, ಒಟ್ಟು ಎರಡು ಲಕ್ಷ ರೂಪಾಯಿಯ ನೆರವಾಗುತ್ತದೆ. ಮೂಲಧನ ಮಾತ್ರ ಹತ್ತು ಸಾವಿರವೇ. ಇದನ್ನು ಕೆಡಿಸಬಲ್ಲ ಸಂಗತಿಗಳು ಮೂರು. ಸಾಲ ಮರಳದಿರಬಹುದು, ಅದಕ್ಕೆ ಜಾಮೀನುದಾರರನ್ನು ಕೇಳುತ್ತಾರೆ. ಆಸ್ತಿ ಒತ್ತೆಯಿಡಲಾಗದವನಿಗೂ ಅವನ ಮಾತನ್ನು ನಂಬಿ ಸಹಿ ಹಾಕುವ ಒಬ್ಬಿಬ್ಬರು ಇರುತ್ತಾರೆ, ಅವರ ಮುಖ ನೋಡಿಯಾದರೂ ಅವನು ಕಂತು ತಪ್ಪಿಸುವುದಿಲ್ಲ. ನ್ಯೂಯಾರ್ಕಿನ ಸಂಸ್ಥೆಯಲ್ಲಿ ಸಾಲದ ಮರುಪಾವತಿ ಶೇ. 99ರಷ್ಟು. ಎರಡನೆಯದು ಕಚೇರಿಯ ಖರ್ಚು, ಮೂರನೆಯದು ಬೆಲೆಯೇರಿಕೆ. ಇವೆರಡಕ್ಕೂ ದೇಣಿಗೆಯ ಹೊರತು ಮದ್ದಿಲ್ಲ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನಂಥ ಕಿರುಸಾಲ ಸಂಸ್ಥೆಗಳು ಬಡ್ಡಿ ವಿಧಿಸಿ ತಮ್ಮ ಖರ್ಚನ್ನು ತಾವೇ ದುಡಿದುಕೊಳ್ಳುತ್ತವೆ, ಹಾಗಾಗಿ ಬೇಗ ಬೆಳೆಯುತ್ತವೆ. ಕೈಗಡದ ಸಂಸ್ಥೆ ಎಂದಿಗೂ ಅಷ್ಟು ಬೇಗ ಬೆಳೆಯಲಾರದು. ಸಾಲಗಾರನ ಹೆಗಲ ಮೇಲೆ ಖರ್ಚು ಹೊರಿಸಬಾರದು ಎಂಬ ಹಟಕ್ಕೆ ಅದು ತೆರುವ ಬೆಲೆ ಅದು, ಮತ್ತು ಆ ಹಟ ಸರಿಯಾದದ್ದು ಎಂದು ನನಗನಿಸುತ್ತದೆ.

ನೂರು ವರ್ಷದ ಬಳಿಕ ಇದೇ ಉಪಾಯ ಜೆರುಸಲೇಮಿಗೆ ಬಂತು. ಸೋವಿಯತ್ ಒಕ್ಕೂಟ ಬಾಗಿಲು ತೆರೆದಾಗ, 1990 ಮತ್ತು 1991 ಈ ಎರಡೇ ವರ್ಷಗಳಲ್ಲಿ ಅಲ್ಲಿಂದ ಇಸ್ರೇಲಿಗೆ ಮೂರು ಲಕ್ಷಕ್ಕೂ ಹೆಚ್ಚು ಜನ ವಲಸೆ ಬಂದರು. 1991ರ ಮೇ ತಿಂಗಳಿನಲ್ಲಿ ಸುಮಾರು ಒಂದೂವರೆ ದಿನದಲ್ಲಿ 14,000ಕ್ಕೂ ಹೆಚ್ಚು ಇಥಿಯೋಪಿಯಾದ ಯಹೂದಿಗಳನ್ನು ವಿಮಾನಗಳಲ್ಲಿ ಕರೆತರಲಾಯಿತು. ವೈದ್ಯರು, ಎಂಜಿನಿಯರುಗಳು, ಸಂಗೀತಗಾರರು ಬೀದಿ ಗುಡಿಸುವ ಕೆಲಸಕ್ಕೆ ನಿಂತ ಕಾಲ ಅದು. ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಕಲಿಸುತ್ತಿದ್ದ ಎಲಿಯೆಜರ್ ಜಾಫಿ 1990ರಲ್ಲಿ ಇಸ್ರೇಲ್ ಫ್ರೀ ಲೋನ್ ಅಸೋಸಿಯೇಷನ್ ಸ್ಥಾಪಿಸಿ, ಬ್ಯಾಂಕು ನಂಬದ ಈ ಹೊಸಬರಿಗೆ ಬಡ್ಡಿಯಿಲ್ಲದೆ ಸಾಲ ಕೊಡತೊಡಗಿದರು.

ಇಂಥ ದೊಡ್ಡ ಸಂಸ್ಥೆಗಳಾಚೆ, ಮನೆಯ ಕೋಣೆಗಳಲ್ಲಿ ನಡೆಯುವ ಲೆಕ್ಕವಿಲ್ಲದಷ್ಟು ಸಣ್ಣ ‘ಗೆಮಾಖ್’ಗಳಿವೆ. ಗೆಮಿಲುತ್ ಹಸಾದಿಮ್ ಎಂಬುದರ ಮೊಟಕು ರೂಪ ಈ ಹೆಸರು. ಒಬ್ಬಾಕೆಯ ಕಪಾಟಿನ ತುಂಬ ಮದುವಣಗಿತ್ತಿಯ ಉಡುಪುಗಳು; ಇನ್ನೊಬ್ಬರ ಮನೆಯಲ್ಲಿ ಸಮಾರಂಭಕ್ಕೆ ಬೇಕಾಗುವ ಮಡಚುವ ಕುರ್ಚಿಗಳು; ಮತ್ತೊಂದು ಕಡೆ ಗೋಡೆ ಕೊರೆಯುವ ಡ್ರಿಲ್ ಯಂತ್ರ. ಜೆರುಸಲೇಮಿನಲ್ಲಿ ಮಗುವಿನ ಬಾಯಿಗಿಡುವ ರಬ್ಬರ್ ತೊಟ್ಟಿಗೂ ಗೆಮಾಖ್ ಇದೆ: ಅಂಗಡಿಗಳೆಲ್ಲ ಮುಚ್ಚಿದ ನಡುರಾತ್ರಿ ತೊಟ್ಟು ಕಳೆದುಹೋಗಿ ಮಗು ಒಂದೇ ಸಮನೆ ಅಳುತ್ತಿದ್ದರೆ ಹೋಗಿ ಬಾಗಿಲು ತಟ್ಟಬಹುದು. ಅದನ್ನು ಮರಳಿ ಕೊಡುವಾಗ ಹಳೆಯದರ ಬದಲು ಹೊಸದೊಂದನ್ನು ಕೊಂಡು ತಂದುಕೊಡುತ್ತಾರೆ.

ಹಂಗು, ನಾಚಿಕೆ, ಅಪವಾದ ಇವುಗಳನ್ನು ಮುಂದಾಗಿ ಯೋಚಿಸಿ ವ್ಯವಸ್ಥೆ ಕಟ್ಟುವುದೆಂದರೇನು ಎಂಬುದು ಅತ್ಯಂತ ನಿಚ್ಚಳವಾಗಿ ಕಾಣುವುದು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ‘ದೋರ್ ಯೆಶೋರಿಮ್’ ಎಂಬ ಸಂಸ್ಥೆಯಲ್ಲಿ. ಟೇ-ಸ್ಯಾಕ್ಸ್ ಎಂಬ ರೋಗವಿದೆ. ಮಗು ಹುಟ್ಟುವಾಗ ಆರೋಗ್ಯವಾಗಿರುತ್ತದೆ, ನಗುತ್ತದೆ. ಆರು ತಿಂಗಳ ಆಸುಪಾಸಿನಲ್ಲಿ ಕಲಿತದ್ದನ್ನು ಒಂದೊಂದಾಗಿ ಮರೆಯತೊಡಗುತ್ತದೆ, ದೃಷ್ಟಿ ಹೋಗುತ್ತದೆ, ನಾಲ್ಕೈದು ವರ್ಷದೊಳಗೆ ಸಾಮಾನ್ಯವಾಗಿ ಜೀವವೇ ಹೋಗುತ್ತದೆ. ಚಿಕಿತ್ಸೆಯಿಂದ ಗುಣವಾಗದು. ಪೂರ್ವ ಯುರೋಪಿನ ಮೂಲದ ಯಹೂದಿಗಳಲ್ಲಿ ಸುಮಾರು 30 ಜನರಲ್ಲಿ ಒಬ್ಬರು ಇದರ ವಂಶವಾಹಿಯನ್ನು ಹೊತ್ತಿರುತ್ತಾರೆ. ಹೊತ್ತವರಿಗೆ ಯಾವ ತೊಂದರೆಯೂ ಇಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಅಮೆರಿಕದಲ್ಲಿ 1971ರಲ್ಲೇ ಸಾಮೂಹಿಕ ರಕ್ತಪರೀಕ್ಷೆ ಆರಂಭವಾಗಿತ್ತು. ಆದರೂ ಅತಿ ಸಂಪ್ರದಾಯಸ್ಥ ಕುಟುಂಬಗಳು ಹತ್ತಿರ ಸುಳಿಯಲಿಲ್ಲ. ಹಿರಿಯರು ಕೂಡಿಸುವ ಮದುವೆಗಳ ಸಮಾಜ ಅದು. ‘ಆ ಮನೆಯ ಹುಡುಗಿಯ ರಕ್ತದಲ್ಲಿ ದೋಷವಿದೆಯಂತೆ’ ಎಂಬ ಒಂದು ಪಿಸುಮಾತು ಸಾಕು, ಅವಳ ಜೊತೆಗೆ ತಂಗಿಯರ ಮದುವೆಯೂ ನಿಂತುಹೋಗುತ್ತದೆ. ಜಾತಕ ಹೊತ್ತು ತಿರುಗಿದ ಮನೆಗಳಿಗೆ ಈ ಭಯವನ್ನು ವಿವರಿಸಬೇಕಾಗಿಲ್ಲ.

ಯಹೂದಿ ಧರ್ಮಗುರು ರಬ್ಬಿ ಜೋಸೆಫ್ ಎಕ್‌ಸ್ಟೈನ್ ಈ ರೋಗಕ್ಕೆ ತಮ್ಮ ನಾಲ್ಕು ಮಕ್ಕಳನ್ನು ಕಳೆದುಕೊಂಡರು. 1980ರ ದಶಕದಲ್ಲಿ ಅವರು ಕಟ್ಟಿದ ದೋರ್ ಯೆಶೋರಿಮ್‌ನ ವ್ಯವಸ್ಥೆ ಹೀಗಿದೆ. ಹುಡುಗ ಹುಡುಗಿಯರು ಮದುವೆಯ ವಯಸ್ಸಿಗೆ ಬರುವ ಹೊತ್ತಿಗೆ ರಕ್ತ ಕೊಡುತ್ತಾರೆ. ಮಾದರಿಯ ಮೇಲೆ ಹೆಸರಿರುವುದಿಲ್ಲ, ಒಂದು ಸಂಖ್ಯೆ ಇರುತ್ತದೆ. ಫಲಿತಾಂಶವನ್ನು ಅವರಿಗೂ ಹೇಳುವುದಿಲ್ಲ. ಸಂಬಂಧವೊಂದು ಕೂಡಿಬರುವ ಸೂಚನೆ ಕಂಡಾಗ, ಇನ್ನೂ ನಿಶ್ಚಯವಾಗುವ ಮೊದಲು, ಎರಡೂ ಕಡೆಯ ಸಂಖ್ಯೆಗಳನ್ನು ದೂರವಾಣಿಯಲ್ಲಿ ಹೇಳುತ್ತಾರೆ. ಉತ್ತರ ಒಂದೇ ಮಾತಿನದು: ಹೊಂದುತ್ತದೆ ಅಥವಾ ಹೊಂದುವುದಿಲ್ಲ. ಇಬ್ಬರಲ್ಲಿ ಒಬ್ಬರೇ ಹೊತ್ತಿದ್ದರೆ ಅದು ‘ಹೊಂದುತ್ತದೆ’. ಯಾರು ಎಂಬುದು ಯಾರಿಗೂ ತಿಳಿಯುವುದಿಲ್ಲ. ತನ್ನ ಮೈಯ ವಿಷಯವನ್ನು ತನಗೇ ಹೇಳದಿರುವುದು ಸರಿಯೇ ಎಂದು ವೈದ್ಯಕೀಯ ನೀತಿಯ ಬಗ್ಗೆ ಯೋಚಿಸುವವರು ಕೇಳಿದ್ದಾರೆ, ಆ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ವಿಜ್ಞಾನ ಆಗಲೇ ಸಿದ್ಧವಿತ್ತು. ಅದು ಆ ಮನೆಗಳ ಒಳಗೆ ಹೋಗಲು ಬೇಕಿದ್ದದ್ದು ಈ ಸಂಖ್ಯೆಯ ಉಪಾಯ. ಪರೀಕ್ಷೆಗಳು ವ್ಯಾಪಕವಾದ ಮೇಲೆ ಯಹೂದಿ ಸಮುದಾಯಗಳಲ್ಲಿ ಈ ರೋಗದಿಂದ ಹುಟ್ಟುವ ಮಕ್ಕಳ ಸಂಖ್ಯೆ ಶೇ. 90ಕ್ಕೂ ಹೆಚ್ಚು ಇಳಿಯಿತು.

ಉಳಿದ ಎರಡು ಪ್ರಯೋಗಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಬ್ರೂಕ್ಲಿನ್ನಿನಲ್ಲಿ 1960ರ ದಶಕದಲ್ಲಿ ಮೊಳೆತ ‘ಹಾತ್ಸೊಲಾ’ ಎಂಬ ಸ್ವಯಂಸೇವಕರ ತುರ್ತು ನೆರವಿನ ಪದ್ಧತಿಯನ್ನು ಇಸ್ರೇಲಿನಲ್ಲಿ ಏಲಿ ಬೀರ್ 2006ರಲ್ಲಿ ‘ಯುನೈಟೆಡ್ ಹತ್ಸಾಲಾ’ ಆಗಿ ಒಗ್ಗೂಡಿಸಿದರು. ಆಂಬುಲೆನ್ಸ್ ವಾಹನದಟ್ಟಣೆಯಲ್ಲಿ ಸಿಕ್ಕಿಕೊಂಡಿರುವಾಗ, ಪಕ್ಕದ ಬೀದಿಯ ದಿನಸಿ ಅಂಗಡಿಯವನೇ ತರಬೇತಿ ಪಡೆದಿದ್ದರೆ? 1221ಕ್ಕೆ ಕರೆ ಬಂದೊಡನೆ ಹತ್ತಿರದಲ್ಲಿರುವ ಸ್ವಯಂಸೇವಕರ ಮೊಬೈಲು ಸದ್ದು ಮಾಡುತ್ತದೆ, ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಔಷಧದ ಪೆಟ್ಟಿಗೆಯಿರುವ ಮೋಟರ್‌ಸೈಕಲ್ ಹತ್ತುತ್ತಾರೆ. ಅವರಲ್ಲಿ ಪೂರ್ವ ಜೆರುಸಲೇಮಿನ ಮುಸ್ಲಿಮರೂ ಇದ್ದಾರೆ. ಇನ್ನೊಂದು, 2003ರಲ್ಲಿ ಜೋಸೆಫ್ ಗಿಟ್ಲರ್ ಆರಂಭಿಸಿದ, ಇಂದು ‘ಲೆಕೆಟ್ ಇಸ್ರೇಲ್’ ಎನಿಸಿಕೊಂಡ ಆಹಾರ ಸಂಸ್ಥೆ. ಲೆಕೆಟ್ ಎಂದರೆ ಹಕ್ಕಲು. ಕೊಯ್ಲಿನಲ್ಲಿ ಕೈಜಾರಿ ಬಿದ್ದ ತೆನೆಗಳನ್ನು ಬಡವರಿಗೆ ಬಿಡಬೇಕೆಂಬುದು ತೋರಾದ ಆಜ್ಞೆ. ಒಂದೋ ಎರಡೋ ತೆನೆ ಬಿದ್ದರೆ ಅದು ಹಕ್ಕಲು, ಮೂರು ಒಟ್ಟಿಗೆ ಬಿದ್ದರೆ ಹೊಲದವನದು ಎಂದು ಮಿಶ್ನಾ ಲೆಕ್ಕ ಹಾಕಿ ಹೇಳುತ್ತದೆ. ಇಂದು ಆ ಹಕ್ಕಲು ಮದುವೆ ಛತ್ರಗಳಲ್ಲಿ ಉಳಿದ ಊಟ, ಬೆಲೆ ಸಿಗದೆ ಹೊಲದಲ್ಲೇ ಬಿಟ್ಟ ತರಕಾರಿ. ಉಳಿದ ಊಟ ಕೊಟ್ಟು ಯಾರಿಗಾದರೂ ಹೊಟ್ಟೆ ಕೆಟ್ಟರೆ ಮೊಕದ್ದಮೆ ಬರುತ್ತದೆಂದು ಛತ್ರದವರು ಹೆದರುತ್ತಿದ್ದರು. ನಿಯಮ ಪಾಲಿಸಿ ಸದುದ್ದೇಶದಿಂದ ಕೊಟ್ಟವರಿಗೆ ರಕ್ಷಣೆ ನೀಡುವ ಕಾಯಿದೆ 2018ರಲ್ಲಿ ಇಸ್ರೇಲಿನಲ್ಲಿ ಬಂತು.

ಅಮೆರಿಕದ ಯಹೂದಿ ಸಮುದಾಯ ಈಚೆಗೆ ಇನ್ನೊಂದು ಹೆಜ್ಜೆ ಇಟ್ಟು, ಇಂಥ ಉದ್ಯಮಗಳನ್ನು ಹುಟ್ಟುಹಾಕುವವರನ್ನೇ ಹುಡುಕಿ ಬೆಳೆಸುವ ಪೋಷಣಾ ಸಂಸ್ಥೆಗಳನ್ನು ಕಟ್ಟಿತು. ಜೋಶುವಾ ವೆಂಚರ್, ಬಿಕ್ಕುರಿಮ್, ಪ್ರೆಸೆನ್‌ಟೆನ್ಸ್, ಅಪ್‌ಸ್ಟಾರ್ಟ್ ಎಂಬ ನಾಲ್ಕು ಬೇರೆ ಬೇರೆ ಪ್ರಯತ್ನಗಳು 2017ರಲ್ಲಿ ಅಪ್‌ಸ್ಟಾರ್ಟ್ ಹೆಸರಿನಲ್ಲಿ ಒಂದಾದವು. ಯೋಚನೆಗೆ ಆರಂಭದ ಹಣ ಸಿಗುವುದು ಈಗ ಅಷ್ಟು ಕಷ್ಟವಲ್ಲ. ಐದಾರು ವರ್ಷದ ಬಳಿಕ ಸಂಬಳ ಕೊಡುವ ಹಣ ಸಿಗುವುದು ಕಷ್ಟ. ಬೆರಳೆಣಿಕೆಯ ದೊಡ್ಡ ಪ್ರತಿಷ್ಠಾನಗಳ ಮರ್ಜಿ ಕಾಯಬೇಕಾದಾಗ ಹಂಗು ಮತ್ತೊಂದು ಬಾಗಿಲಿನಿಂದ ಒಳಗೆ ಬರುತ್ತದೆ. ಈ ಬಾರಿ ಅದು ಸಂಸ್ಥೆಯ ಹೆಗಲೇರುತ್ತದೆ.

ಈ ಕಥೆಗೆ ನೋವಿನ ಪುಟಗಳೂ ಇವೆ. ಇಸ್ರೇಲಿನ ಕೆಲವು ಸಂಪ್ರದಾಯಸ್ಥ ಬಡಾವಣೆಗಳಲ್ಲಿ ಒಂದು ಗೆಮಾಖಿನ ಸಾಲ ತೀರಿಸಲು ಮತ್ತೊಂದು ಗೆಮಾಖಿನಲ್ಲಿ ಸಾಲ ಮಾಡಿ ವರ್ಷಗಟ್ಟಲೆ ಸುತ್ತುವ ಕುಟುಂಬಗಳಿವೆ. ದುಡಿಮೆ ಇಲ್ಲದ ಕಡೆ ಬಡ್ಡಿಯಿಲ್ಲದ ಸಾಲವೂ ಸಾಲವೇ. ಇನ್ನೊಂದು ಪುಟ ನಾವು ಆರಂಭಿಸಿದ ಹಬೆಯಂತ್ರದ ಮನೆಗೇ ಸೇರಿದ್ದು. ಊರಿ ಲುಪೊಲಿಯಾನ್‌ಸ್ಕಿ ಮುಂದೆ ರಾಜಕೀಯಕ್ಕೆ ಬಂದು 2003ರಿಂದ 2008ರವರೆಗೆ ಜೆರುಸಲೇಮಿನ ಮೇಯರ್ ಆದರು. ಹೋಲಿಲ್ಯಾಂಡ್ ಎಂಬ ಬೃಹತ್ ವಸತಿ ಯೋಜನೆಯ ಲಂಚ ಪ್ರಕರಣದಲ್ಲಿ 2014ರಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ಸಾರಿತು. ಲಂಚವೆಂದು ನ್ಯಾಯಾಲಯ ಎಣಿಸಿದ್ದು ಯಾದ್ ಸಾರಾಕ್ಕೆ ಬಂದ ದೇಣಿಗೆಗಳನ್ನು. ತೀವ್ರ ಅನಾರೋಗ್ಯದ ಕಾರಣ ಸುಪ್ರೀಂ ಕೋರ್ಟ್ ಸೆರೆವಾಸದ ಬದಲು ಸಮುದಾಯ ಸೇವೆ ವಿಧಿಸಿತು. ಗಾಲಿಕುರ್ಚಿಗಳು ಮೊದಲಿನಂತೆ ಬಂದು ಹೋಗುತ್ತಲೇ ಇದ್ದವು. ಆ ಸುದ್ದಿಯನ್ನು ಓದಿದಾಗ ನನಗಾದ ಬೇಸರ ಸಣ್ಣದಲ್ಲ.

ಧರ್ಮದ ಹಣ ಅಧಿಕಾರದ ಹತ್ತಿರ ಬಂದಾಗ ಏನಾಗಬಹುದೆಂದು ಹಳಬರು ಯೋಚಿಸದೆ ಇರಲಿಲ್ಲ. ಊರಿನ ಬಡವರ ನಿಧಿಗೆ ವಾರವಾರ ಹಣ ಎತ್ತುವಾಗ ಕಡಿಮೆಯೆಂದರೆ ಇಬ್ಬರು ಜೊತೆಯಾಗಿ ಹೋಗಬೇಕು, ಹಂಚುವಾಗ ಮೂವರು ಕೂರಬೇಕು ಎಂದು ಮಿಶ್ನಾ ವಿಧಿಸಿತು. ನಿಧಿಯಲ್ಲಿರುವ ಚಿಲ್ಲರೆಯನ್ನು ದೊಡ್ಡ ನಾಣ್ಯಕ್ಕೆ ಬದಲಿಸಬೇಕಾದರೆ ಹಣ ಎತ್ತುವವರು ಬೇರೆಯವರ ಹತ್ತಿರ ಹೋಗಬೇಕು, ತಮ್ಮ ಜೇಬಿನಿಂದ ಬದಲಿಸಿಕೊಳ್ಳಬಾರದು ಎಂದು ತಾಲ್ಮುದ್ ಸೇರಿಸಿತು. ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಣ ಎತ್ತಲು ಹೊರಟವನಿಗೆ ಸಂತೆಯಲ್ಲಿ ನಾಣ್ಯವೊಂದು ಬಿದ್ದು ಸಿಕ್ಕಿತು. ಅದು ನ್ಯಾಯವಾಗಿ ಅವನದೇ. ಆದರೂ ನಾಲ್ಕು ಜನರ ಎದುರು ಅದನ್ನು ಜೇಬಿಗೆ ಹಾಕಿಕೊಳ್ಳಬಾರದು. ಬಡವರ ಚೀಲಕ್ಕೇ ಹಾಕಬೇಕು, ಮನೆಗೆ ಹೋದ ಮೇಲೆ ತೆಗೆದುಕೊಳ್ಳಬೇಕು.